ಕೋಲಾರ ಜಿಲ್ಲೆಯಲ್ಲಿ ಕೆಲಸ, ಕೂಲಿ, ಸಂಬಳ: ಪದೇ ಪದೇ ಕೇಳುವ ಪ್ರಶ್ನೆಗಳು

ವೇಮಗಲ್ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇದೆ. ಜೆರಾಕ್ಸ್ ತೆಗೆಯುತ್ತೇನೆ, ಆನ್‌ಲೈನ್ ಅರ್ಜಿ ಹಾಕಿಕೊಡುತ್ತೇನೆ, ಪಿಎಫ್ ಹಣ ಬಿಡಿಸಿಕೊಡುತ್ತೇನೆ. ಅದಕ್ಕೂ ಮುಂಚೆ ಮೂರು ವರ್ಷ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಮೇಲೆ ಇದ್ದೆ. ಮನೆಯಲ್ಲಿ ಎರಡು ಹಸು, ಮುಕ್ಕಾಲು ಎಕರೆ ಹಿಪ್ಪುನೇರಳೆ. ಅಂಗಡಿಗೆ ಬರುವವರು ಕೇಳುವುದು ಹೆಚ್ಚುಕಡಿಮೆ ಒಂದೇ ಥರದ ಪ್ರಶ್ನೆಗಳು. ಎಲ್ಲಿ ಕೆಲಸ ಸಿಗುತ್ತದೆ, ಎಷ್ಟು ಕೊಡುತ್ತಾರೆ, ಕೈಗೆ ಎಷ್ಟು ಬರುತ್ತದೆ? ಒಬ್ಬೊಬ್ಬರಿಗೂ ಬಾಯಲ್ಲಿ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ನಮ್ಮ ಜಿಲ್ಲೆಯ ಜನ ಯಾವ ಕೆಲಸದ ಮೇಲೆ ಬದುಕುತ್ತಿದ್ದಾರೆ?

ಒಂದು ಕೆಲಸದ ಮೇಲಂತೂ ಅಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯಿತು. ಈಗ ನಮಗೆ ಉಳಿದಿರುವುದು ಕೋಲಾರ, ಬಂಗಾರಪೇಟೆ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಕೆಜಿಎಫ್ ಎಂಬ ಆರು ತಾಲ್ಲೂಕು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 15 ಲಕ್ಷ 36 ಸಾವಿರ. ಅದರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಹಳ್ಳಿಯವರು.

ಈ ಹಳ್ಳಿಗಳಲ್ಲಿ ಯಾವ ಮನೆಗೆ ಬೇಕಾದರೂ ಹೋಗಿ ನೋಡಿ. ಅಪ್ಪ ಟೊಮೆಟೊ ಅಥವಾ ರಾಗಿ ಬೆಳೆಯುತ್ತಾರೆ. ಅಮ್ಮ ಹಸು ನೋಡಿಕೊಳ್ಳುತ್ತಾರೆ, ಬಿಡುವಾದಾಗ ಪಕ್ಕದ ತೋಟಕ್ಕೆ ಕೂಲಿಗೆ ಹೋಗುತ್ತಾರೆ. ಮಗ ನರಸಾಪುರದಲ್ಲೋ ಮಾಲೂರಿನಲ್ಲೋ ಕಂಪನಿಗೆ ಹೋಗುತ್ತಾನೆ. ಇಷ್ಟೂ ಸೇರಿದರೆ ಒಂದು ಮನೆ ನಡೆಯುತ್ತದೆ. ಹಾಗಾಗಿ ಒಂದೊಂದು ಕಸುಬನ್ನೂ ಬೇರೆಬೇರೆಯಾಗಿ ಇಟ್ಟು, ಇದರಲ್ಲಿ ಲಾಭವಾ ಅದರಲ್ಲಿ ಲಾಭವಾ ಅಂತ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಒಂದರಲ್ಲಿ ಬಿದ್ದ ಪೆಟ್ಟನ್ನು ಇನ್ನೊಂದು ತಡೆದುಕೊಳ್ಳುತ್ತಿರುತ್ತದೆ.

ಕೂಲಿ ಜಾಸ್ತಿ ಆಗಿದೆ ಅಂತಾರೆ. ನಿಜವಾ?

ದರ ಜಾಸ್ತಿ ಆಗಿರುವುದು ನಿಜ. ಎಲ್ಲರಿಗೂ ಗೊತ್ತಿರುವ ನರೇಗಾ ಕೂಲಿಯನ್ನೇ ನೋಡಿ. ಕರ್ನಾಟಕದಲ್ಲಿ 2019-20ರಲ್ಲಿ ದಿನಕ್ಕೆ 249 ರೂಪಾಯಿ ಇತ್ತು. 2020-21ರಲ್ಲಿ 275, ಮುಂದಿನ ವರ್ಷ 289, ಆಮೇಲೆ 309, 316, 349. 2025-26ಕ್ಕೆ 370. ಆರು ವರ್ಷದಲ್ಲಿ 121 ರೂಪಾಯಿ ಏರಿತು. ತೋಟದ ಕೂಲಿಯೂ ಏರಿದೆ. ಕಂಪನಿಗಳು ಬಂದ ಕಡೆ ಗಂಡಾಳು ಸಿಗುವುದೇ ಕಷ್ಟ ಆಗಿರುವುದರಿಂದ ಅಲ್ಲಿ ಇನ್ನೂ ಜಾಸ್ತಿ ಏರಿದೆ.

ಆದರೆ ದರ ನೋಡಿ ಸಮಾಧಾನ ಪಡಬೇಡಿ. ದಿನ ಎಣಿಸಿ. ದಿನಕ್ಕೆ 600 ರೂಪಾಯಿ ಕೂಲಿ, ತಿಂಗಳಿಗೆ 14 ದಿನ ಕೆಲಸ ಅಂತ ಇಟ್ಟುಕೊಳ್ಳಿ. 8,400 ಆಯಿತು. ಅದೇ ದಿನಕ್ಕೆ 500 ಆದರೂ 26 ದಿನ ಕೆಲಸ ಇದ್ದರೆ 13,000. ಕಡಿಮೆ ದರದವನೇ ಮುಂದೆ ಇದ್ದಾನೆ. ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ನೀರು ಇದ್ದರೆ ಬೆಳೆ, ಬೆಳೆ ಇದ್ದರೆ ಆಳಿಗೆ ಕೆಲಸ. ಬೋರ್‌ವೆಲ್ ಬತ್ತಿತು ಅಂದರೆ ತೋಟದ ಮಾಲೀಕನ ಜೊತೆ ಆ ತೋಟಕ್ಕೆ ಬರುತ್ತಿದ್ದ ಹತ್ತು ಜನರ ದಿನಗಳೂ ಬತ್ತಿದವು.

ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುವ ಕೆಸಿ ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ನೀರಿನ ಗುಣಮಟ್ಟದ ಬಗ್ಗೆ ಆತಂಕ ಇದೆ, ಅದು ಬೇಡದ ಆತಂಕವೂ ಅಲ್ಲ. ಆದರೆ ಕೆರೆ ತುಂಬಿದ ಊರುಗಳಲ್ಲಿ ಬಾವಿ, ಬೋರ್‌ವೆಲ್‌ಗೆ ನೀರು ಬಂದಿದೆ. ಬೀಳು ಬಿಟ್ಟಿದ್ದ ಹೊಲಗಳಿಗೆ ಆಳು ಕರೆಯುತ್ತಿದ್ದಾರೆ. ಕೂಲಿ ದಿನ ಜಾಸ್ತಿ ಆಗುವುದು ಅಂದರೆ ಇದು.

ಟೊಮೆಟೊ ರೇಟು ಏರಿದಾಗ ಕೂಲಿಯವರಿಗೂ ಲಾಭ ಆಗುತ್ತಾ?

ಈ ಪ್ರಶ್ನೆ 2023ರ ಜುಲೈನಲ್ಲಿ ತುಂಬಾ ಜನ ಕೇಳಿದರು. ಆಗ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ರೈತರು ರಾತ್ರಿ ತೋಟ ಕಾಯುತ್ತಿದ್ದರು. ನಮ್ಮ ಮಂಡಿ ಏಷ್ಯಾದಲ್ಲೇ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿ ರೇಟು ಅಲುಗಾಡಿದರೆ ದೆಹಲಿಯವರೆಗೂ ಸುದ್ದಿ.

ಕೂಲಿಯವರ ಲೆಕ್ಕ ಬೇರೆ. ರೇಟು ಹತ್ತು ಪಟ್ಟು ಏರಿದರೂ ಕೀಳುವವರ ಕೂಲಿ ಐವತ್ತೋ ನೂರೋ ಏರುತ್ತದೆ, ಅಷ್ಟೇ. ರೇಟು ಬಿದ್ದಾಗ ಮಾತ್ರ ಪೂರ್ತಿ ಪೆಟ್ಟು. ಕೀಳುವ ಕೂಲಿ, ಬಾಕ್ಸಿನ ಬಾಡಿಗೆ, ಗಾಡಿ ಬಾಡಿಗೆ, ಮಂಡಿ ಕಮಿಷನ್ ಎಲ್ಲ ಸೇರಿಸಿ ಅಸಲು ಹುಟ್ಟುವುದಿಲ್ಲ ಅಂತ ಕಂಡರೆ ರೈತ ಹಣ್ಣನ್ನು ಗಿಡದಲ್ಲೇ ಬಿಡುತ್ತಾನೆ. ಅವತ್ತು ಬೆಳಿಗ್ಗೆ ತಲೆಗೆ ಟವೆಲ್ ಸುತ್ತಿಕೊಂಡು ಟೆಂಪೊಗೆ ಕಾಯುತ್ತಿದ್ದ ಹೆಂಗಸರಿಗೆ ಕೆಲಸ ಇಲ್ಲ. ರೇಟು ಏರಿದಾಗ ಪಾಲಿಲ್ಲ, ಇಳಿದಾಗ ಪಾಲಿದೆ. ನನಗೆ ಬಹಳ ನೋವು ಕೊಡುವ ವಿಷಯ ಇದು.

ಆದರೂ ಟೊಮೆಟೊದಷ್ಟು ಆಳಿಗೆ ಕೆಲಸ ಕೊಡುವ ಬೆಳೆ ನಮ್ಮಲ್ಲಿ ಕಡಿಮೆ. ಸಸಿ ನೆಡಬೇಕು, ನೀಲಗಿರಿ ಕಡ್ಡಿ ನೆಡಬೇಕು, ದಾರ ಎಳೆದು ಗಿಡ ಕಟ್ಟಬೇಕು, ಕಳೆ ತೆಗೆಯಬೇಕು, ಔಷಧಿ ಹೊಡೆಯಬೇಕು, ಮೂರು ದಿನಕ್ಕೊಮ್ಮೆ ಕೀಳಬೇಕು, ವಿಂಗಡಿಸಬೇಕು. ಮಂಡಿಗೆ ಹೋದರೆ ಇಳಿಸುವ ಹಮಾಲಿ, ಲಾರಿಗೆ ಮತ್ತೆ ತುಂಬುವ ಹಮಾಲಿ. ರಾಗಿಯಲ್ಲಿ ಕಟಾವಿಗೆ ಮಿಷನ್ ಬಂತು, ಆಳಿನ ಕೆಲಸ ಕರಗಿತು. ಟೊಮೆಟೊ ಕೀಳಲು ಇನ್ನೂ ಕೈಯೇ ಬೇಕು.

ಇತ್ತೀಚಿನ ವರ್ಷಗಳಲ್ಲಿ ಬಿಳಿ ನೊಣದಿಂದ ಹರಡುವ ಎಲೆ ಮುದುಡು ರೋಗ ತೋಟಗಳನ್ನು ತುಂಬಾ ಕಾಡಿದೆ. ರೋಗ ಬಂದ ತೋಟದಲ್ಲಿ ಕೀಳುವುದು ಹತ್ತು ಸಲ ಆಗಬೇಕಾದ ಕಡೆ ನಾಲ್ಕು ಸಲಕ್ಕೆ ಮುಗಿದುಹೋಗುತ್ತದೆ. ಉಳಿದ ಆರು ದಿನದ ಕೂಲಿ ಯಾರ ಲೆಕ್ಕದಲ್ಲೂ ನಷ್ಟ ಅಂತ ಬರೆಯುವುದಿಲ್ಲ.

ಹೆಣ್ಣಾಳಿಗೆ ಕಡಿಮೆ, ಗಂಡಾಳಿಗೆ ಜಾಸ್ತಿ. ಇದು ಕಾನೂನಿಗೆ ಸರಿನಾ?

ಸರಿಯಲ್ಲ. ಒಂದೇ ಥರದ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಕೊಡಬೇಕು ಅಂತ 1976ರಲ್ಲೇ ಸಮಾನ ವೇತನ ಕಾಯ್ದೆ ಬಂತು. ನರೇಗಾದಲ್ಲಿ ಇಬ್ಬರಿಗೂ ಒಂದೇ ದರ ಇರುವುದು ನಿಮಗೇ ಗೊತ್ತು.

ತೋಟದಲ್ಲಿ ಮಾಲೀಕರು ಹೇಳುವುದು, ಗಂಡಸರು ಭಾರ ಹೊರುತ್ತಾರೆ ಅಂತ. ಭಾರ ಹೊರುವುದು ನಿಜ. ಆದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಬಗ್ಗಿ ಕಳೆ ತೆಗೆಯುವುದು ಹಗುರ ಕೆಲಸ ಅಂತ ಯಾರು ಹೇಳಿದ್ದು? ಒಂದು ದಿನ ಮಾಡಿ ನೋಡಿದರೆ ಸೊಂಟವೇ ಉತ್ತರ ಹೇಳುತ್ತದೆ. ಕೆಲವು ಊರುಗಳಲ್ಲಿ ಹೆಂಗಸರು ಗುಂಪು ಕಟ್ಟಿಕೊಂಡು ಗುತ್ತಿಗೆ ಮಾತಾಡುತ್ತಾರೆ. ಇಷ್ಟು ಸಾಲಿಗೆ ಇಷ್ಟು ಅಂತ. ಹಾಗೆ ಮಾಡಿದಾಗ ಹೆಣ್ಣಾಳು ಗಂಡಾಳು ಅನ್ನುವ ಭೇದವೇ ಬರುವುದಿಲ್ಲ, ಬೇಗ ಮುಗಿಸಿ ಮನೆಗೂ ಬರಬಹುದು. ನನ್ನ ಕೇಳಿದರೆ ಅದೇ ಒಳ್ಳೆಯ ದಾರಿ.

ಇನ್ನೊಂದು ಬದಲಾವಣೆ 2023ರ ಜೂನ್ 11ರಿಂದ ಆಗಿದೆ. ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತ ಆಯಿತು. ಬಸ್ ಚಾರ್ಜಿಗೆ ಹೋಗುತ್ತಿದ್ದ ದುಡ್ಡು ಉಳಿಯುವುದು ಒಂದು. ಊರಲ್ಲಿ ಕೂಲಿ ಕಡಿಮೆ ಅಂದರೆ ಟೌನಿಗೆ ಹೋಗುತ್ತೇನೆ ಅನ್ನುವ ಧೈರ್ಯ ಇನ್ನೊಂದು.

ರೇಷ್ಮೆ ಈಗಲೂ ಕೈಹಿಡಿಯುತ್ತಾ?

ನಾನು ರೇಷ್ಮೆ ಮನೆಯಲ್ಲೇ ಬೆಳೆದವನು, ಹಾಗಾಗಿ ಇದಕ್ಕೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ರೇಷ್ಮೆಯ ದೊಡ್ಡ ಗುಣ ಅಂದರೆ ಬೇಗ ದುಡ್ಡು. ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಹುಳು ತಂದರೆ ಹೆಚ್ಚುಕಡಿಮೆ ಮೂರು ವಾರದಲ್ಲಿ ಗೂಡು ಮಾರುಕಟ್ಟೆಗೆ. ಸೊಪ್ಪು ಚೆನ್ನಾಗಿದ್ದರೆ ವರ್ಷಕ್ಕೆ ಐದಾರು ಬೆಳೆ ತೆಗೆಯಬಹುದು. ಅಂದರೆ ವರ್ಷಕ್ಕೆ ಐದಾರು ಸಲ ಬಟವಾಡೆ. ರಾಗಿಯಲ್ಲಿ ಒಂದೇ ಸಲ.

ಕೆಲಸದ ಹೊರೆ ಮಾತ್ರ ಸಮನಾಗಿ ಹಂಚಿರುವುದಿಲ್ಲ. ಹುಳು ನಾಲ್ಕು ಸಲ ಜ್ವರಕ್ಕೆ ಹೋಗುತ್ತದೆ, ಅಂದರೆ ಪೊರೆ ಬಿಡುತ್ತದೆ. ಜ್ವರದಲ್ಲಿ ಸೊಪ್ಪು ತಿನ್ನುವುದಿಲ್ಲ, ತಲೆ ಎತ್ತಿಕೊಂಡು ಸುಮ್ನೆ ಮಲಗಿರುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಶುರುವಾಗುತ್ತದೆ ನೋಡಿ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಆ ಕೊನೆಯ ಏಳೆಂಟು ದಿನದಲ್ಲೇ ತಿನ್ನುತ್ತದೆ. ರಾತ್ರಿ ಹುಳುಮನೆಯಲ್ಲಿ ನಿಂತರೆ ಸೊಪ್ಪು ಕಡಿಯುವ ಸದ್ದು ಸೋನೆ ಮಳೆ ಥರ ಕೇಳುತ್ತದೆ. ಆ ವಾರ ನಮ್ಮಮ್ಮ ಸರಿಯಾಗಿ ನಿದ್ದೆ ಮಾಡಿದ್ದು ನಾನು ನೋಡಿಲ್ಲ. ಹುಳು ಹಣ್ಣಾದಾಗ ಗೂಡು ಕಟ್ಟುವ ಚಂದ್ರಿಕೆ ತಟ್ಟೆಗೆ ಬಿಡಲು, ಆಮೇಲೆ ಗೂಡು ಬಿಡಿಸಲು ಹೊರಗಿನ ಆಳು ಬೇಕು. ಮಿಕ್ಕ ದಿನವೆಲ್ಲ ಮನೆಯವರದೇ ದುಡಿಮೆ, ಅದಕ್ಕೆ ಯಾರೂ ಕೂಲಿ ಹಾಕಿಕೊಳ್ಳುವುದಿಲ್ಲ. ಹಾಕಿಕೊಂಡು ಲೆಕ್ಕ ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆಗ ಯಾವ ಬೆಳೆಯಲ್ಲಿ ಉಳಿಯಿತು, ಯಾವುದರಲ್ಲಿ ಸುಮ್ನೆ ದುಡಿದೆವು ಅಂತ ಗೊತ್ತಾಗುತ್ತದೆ.

ಹಳದಿ ಸಿಬಿ (ಮಿಶ್ರತಳಿ) ಗೂಡಿನಿಂದ ಬಿಳಿ ಬೈವೋಲ್ಟಿನ್ ತಳಿಯ ಗೂಡಿಗೆ ತುಂಬಾ ಜನ ಬದಲಾಗಿದ್ದಾರೆ. ರೇಟು ಜಾಸ್ತಿ, ನೂಲೂ ಚೆನ್ನಾಗಿ ಬರುತ್ತದೆ. ಆದರೆ ಬಿಸಿಲು ಏರಿದರೆ ತಡೆಯುವುದಿಲ್ಲ. ಹುಳುಮನೆ ಸರಿಯಾಗಿ ಇಲ್ಲದವರು ಬೇಸಿಗೆಯಲ್ಲಿ ಹುಷಾರಾಗಿರಬೇಕು.

ನೂಲು ಬಿಚ್ಚುವ ಕೆಲಸ ಬೇರೆ. ಪಕ್ಕದ ಜಿಲ್ಲೆಯ ಶಿಡ್ಲಘಟ್ಟದಲ್ಲಿ ಅದು ದೊಡ್ಡ ಕಸುಬು. ಬಿಸಿನೀರಲ್ಲಿ ಕೈ ಅದ್ದಿ ಎಳೆ ಹುಡುಕುವ ಹೆಂಗಸರ ಬೆರಳು ನೋಡಿದರೆ ಗೊತ್ತಾಗುತ್ತದೆ ಆ ಕೆಲಸ ಏನು ಅಂತ. ಬೆರಳಿನ ಚರ್ಮ ಬೆಳ್ಳಗಾಗಿ ಸುಲಿದಿರುತ್ತದೆ. ಈಗ ಆಟೊಮ್ಯಾಟಿಕ್ ಮಿಷನ್‌ಗಳು ಬಂದಿವೆ. ನೂಲಿನ ಗುಣಮಟ್ಟ ಏರುತ್ತದೆ, ಒಂದು ಮಿಷನ್ ಹತ್ತಾರು ಕೈಗಳ ಕೆಲಸ ಮಾಡುತ್ತದೆ. ಆ ಕೈಗಳು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಸಬ್ಸಿಡಿ ಕೊಡುವಾಗಲೇ ಯೋಚಿಸಬೇಕಿತ್ತು.

ಹಾಲು ಹಾಕುವುದನ್ನು ಉದ್ಯೋಗ ಅಂತ ಲೆಕ್ಕ ಹಿಡೀಬಹುದಾ?

ಖಂಡಿತ ಹಿಡಿಯಬೇಕು. ದಿನಕ್ಕೆ ಎರಡು ಸಲ ಕರೆಯುವುದು, ಡೇರಿಗೆ ಹೊತ್ತು ಹಾಕುವುದು, ಮೇವು ಕೊಯ್ಯುವುದು, ಸಗಣಿ ಬಾಚುವುದು. ವರ್ಷಕ್ಕೆ 365 ದಿನ, ಹಬ್ಬ ಇಲ್ಲ, ಮದುವೆ ಇಲ್ಲ. ಲೀಟರಿಗೆ ಒಕ್ಕೂಟ ಕೊಡುವ ದರದ ಮೇಲೆ ಸರ್ಕಾರದ ಪ್ರೋತ್ಸಾಹಧನ 5 ರೂಪಾಯಿ ಇದೆ. 2008ರಲ್ಲಿ ಅದು 2 ರೂಪಾಯಿಯಿಂದ ಶುರುವಾಯಿತು. ಆದರೆ ಹಿಂಡಿ, ಬೂಸಾದ ಖರ್ಚು ಕಳೆದರೆ ಕೈಗೆ ಸಿಗುವುದು ಸ್ವಲ್ಪವೇ. ಹಸುವಿನಿಂದ ಆಗುವ ನಿಜವಾದ ಉಪಕಾರ ಅಂದರೆ ತಪ್ಪದೆ ಬರುವ ದುಡ್ಡು. ಟೊಮೆಟೊ ಕೈಕೊಟ್ಟ ತಿಂಗಳಲ್ಲಿ ಸ್ಕೂಲ್ ಫೀಸು ಕಟ್ಟಿರುವುದು ಹಾಲಿನ ಬಟವಾಡೆಯೇ.

ನರಸಾಪುರ, ವೇಮಗಲ್, ಮಾಲೂರು ಕಂಪನಿಗಳಿಂದ ಏನು ಬದಲಾಯಿತು?

ಮಾಲೂರಿನಲ್ಲಿ ಕೈಗಾರಿಕೆ ಹಳೆಯದು. ನರಸಾಪುರದ್ದು ಹೊಸದು. 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾದ ಮೇಲೆ ಬಿಡಿಭಾಗ ಮಾಡುವ ಸಣ್ಣಪುಟ್ಟ ಕಂಪನಿಗಳು ಬಂದವು. 2020ರಲ್ಲಿ ವಿಸ್ಟ್ರಾನ್ ಬಂತು, ಐಫೋನ್ ತಯಾರಿ ಶುರುವಾಯಿತು. ಅದೇ ವರ್ಷ ಡಿಸೆಂಬರ್ 12ರಂದು ಸಂಬಳದ ವಿಷಯಕ್ಕೆ ಅಲ್ಲಿ ದೊಡ್ಡ ಗಲಾಟೆ ಆಯಿತು. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಆಗಿಲ್ಲ ಅಂತ ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. 2023ರಲ್ಲಿ ಆ ಕಾರ್ಖಾನೆಯನ್ನು ಟಾಟಾದವರು ತೆಗೆದುಕೊಳ್ಳುವ ಒಪ್ಪಂದ ಆಯಿತು. ಗಲಾಟೆಯಲ್ಲಿ ಮಿಷನ್ ಒಡೆದದ್ದನ್ನು ನಾನು ಒಪ್ಪುವುದಿಲ್ಲ. ಆದರೆ ಆ ದಿನದಿಂದ ಇಡೀ ಜಿಲ್ಲೆಯ ಹುಡುಗರು ಸಂಬಳದ ಚೀಟಿ ಓದುವುದು ಕಲಿತರು, ಅದೂ ನಿಜ.

ಕಂಪನಿಗಳಿಂದ ಹುಡುಗಿಯರಿಗೆ ದೊಡ್ಡ ಬಾಗಿಲು ತೆರೆಯಿತು. ಮೊಬೈಲ್ ಜೋಡಿಸುವ ಕಡೆ ಹೆಣ್ಣುಮಕ್ಕಳೇ ಜಾಸ್ತಿ. ನಮ್ಮ ಅಂಗಡಿಗೆ ಬಂದು ಸ್ವಂತ ಹೆಸರಲ್ಲಿ ಬ್ಯಾಂಕ್ ಖಾತೆ, ಪ್ಯಾನ್ ಕಾರ್ಡ್ ಮಾಡಿಸಿಕೊಳ್ಳುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಹುಡುಗಿಯರೇ. ಕೆಲವರ ಜೊತೆ ಅಪ್ಪ ಬಂದಿರುತ್ತಾರೆ. ಮೊದಲೆಲ್ಲ ಅಪ್ಪನೇ ಮಾತಾಡುತ್ತಿದ್ದರು. ಈಗ ಅಪ್ಪ ಬೆಂಚಿನ ಮೇಲೆ ಕೂತಿರುತ್ತಾರೆ, ಮಗಳು ಮಾತಾಡುತ್ತಾಳೆ.

ಜಮೀನು ಕೊಟ್ಟವರ ಕಥೆ ಇಷ್ಟು ಸಲೀಸಲ್ಲ. ಪರಿಹಾರದ ದುಡ್ಡು ಒಂದೇ ಸಲ ಬಂತು. ಕೆಲವರು ಮನೆ ಕಟ್ಟಿ ಬಾಡಿಗೆಗೆ ಬಿಟ್ಟರು, ಅವರು ಗೆದ್ದರು. ಕಾರು ತಗೊಂಡವರು, ಸಾಲ ತೀರಿಸಿದವರು ಈಗ ಅದೇ ಜಾಗದ ಗೇಟಿನಲ್ಲಿ ಸೆಕ್ಯುರಿಟಿ ಕೆಲಸದಲ್ಲಿದ್ದಾರೆ.

22 ಸಾವಿರ ಸಂಬಳ ಅಂದರು, ಕೈಗೆ ಬಂದಿದ್ದು 18. ಮೋಸ ಆಯಿತಾ?

ಮೋಸ ಆಗಿರಬಹುದು, ಆಗದೆಯೂ ಇರಬಹುದು. ಲೆಕ್ಕ ನೋಡೋಣ. ಒಂದು ಚೀಟಿ ಹೀಗಿದೆ ಅಂತ ಇಟ್ಟುಕೊಳ್ಳಿ. ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 15,000, ಇತರೆ ಭತ್ಯೆ 5,000. ಒಟ್ಟು 20,000.

ನಿಮ್ಮಿಂದ ಪಿಎಫ್‌ಗೆ ಬೇಸಿಕ್ಕಿನ ಶೇ 12, ಅಂದರೆ 1,800. ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ ಒಟ್ಟು ಸಂಬಳದ ಶೇ 0.75, ಅಂದರೆ 150. ಸಂಬಳ 25,000ದ ಒಳಗೆ ಇರುವುದರಿಂದ ವೃತ್ತಿ ತೆರಿಗೆ ಇಲ್ಲ. ಕೈಗೆ 18,050.

ಕಂಪನಿಯವರೂ ಪಿಎಫ್‌ಗೆ 1,800 ಹಾಕಬೇಕು, ಇಎಸ್‌ಐಗೆ ಶೇ 3.25 ಅಂದರೆ 650 ಹಾಕಬೇಕು. ಇದನ್ನೂ ನಿಮ್ಮ ಸಂಬಳಕ್ಕೇ ಸೇರಿಸಿ 22,450 ಅಂತ ಹೇಳುತ್ತಾರೆ. ಅದಕ್ಕೆ ಸಿಟಿಸಿ ಅಂತ ಹೆಸರು. ಆದ್ದರಿಂದ ಕೆಲಸಕ್ಕೆ ಸೇರುವಾಗ "ಎಷ್ಟು ಸಂಬಳ" ಅಂತ ಕೇಳಬೇಡಿ, "ಕೈಗೆ ಎಷ್ಟು" ಅಂತ ಕೇಳಿ. ಕ್ಯಾಂಟೀನು, ಬಸ್ಸಿನ ದುಡ್ಡು ಹಿಡಿಯುತ್ತಾರಾ ಅಂತಲೂ ಕೇಳಿ.

ಕಂಪನಿಯ ಪಾಲಿನ 1,800ರಲ್ಲಿ 1,250 ನಿಮ್ಮ ಪಿಂಚಣಿ ಖಾತೆಗೆ ಹೋಗುತ್ತದೆ. ಪಾಸ್‌ಬುಕ್ಕಿನಲ್ಲಿ ಕಂಪನಿ ಪಾಲು ಬರೀ 550 ಕಂಡರೆ ಗಾಬರಿ ಬೇಡ.

ಇಎಸ್‌ಐ ಹಣ ವ್ಯರ್ಥ ಅಂತ ತುಂಬಾ ಜನ ಹೇಳುತ್ತಾರೆ. ದಯವಿಟ್ಟು ಹಾಗೆ ಅನ್ನಬೇಡಿ. 21,000ದವರೆಗೆ ಸಂಬಳ ಇರುವವರಿಗೆ, ಅವರ ಹೆಂಡತಿ ಮಕ್ಕಳಿಗೆ, ತಂದೆತಾಯಿ ಅವರನ್ನೇ ನಂಬಿಕೊಂಡಿದ್ದರೆ ಅವರಿಗೂ ಚಿಕಿತ್ಸೆ ಸಿಗುತ್ತದೆ. ಕಾಯಿಲೆ ಬಿದ್ದು ರಜೆ ಹಾಕಿದರೆ ಸಂಬಳದ ಒಂದು ಪಾಲು ಬರುತ್ತದೆ. ಹೆರಿಗೆಗೆ 26 ವಾರ ಸಂಬಳ ಸಿಗುತ್ತದೆ. ನಿಮ್ಮ ಕಾರ್ಡಿಗೆ ಮನೆಯವರ ಹೆಸರು ಸೇರಿಸಿದ್ದೀರಾ ಅಂತ ಮೊದಲು ನೋಡಿ.

ಓಟಿಗೆ, ಅಂದರೆ ಹೆಚ್ಚುವರಿ ಗಂಟೆ ದುಡಿದದ್ದಕ್ಕೆ, ಎಷ್ಟು ಕೊಡಬೇಕು?

ಎರಡರಷ್ಟು. ಮೇಲಿನ ಲೆಕ್ಕದಲ್ಲಿ 20,000ವನ್ನು 26 ದಿನಕ್ಕೆ, ಆಮೇಲೆ 8 ಗಂಟೆಗೆ ಭಾಗಿಸಿದರೆ ಗಂಟೆಗೆ 96 ರೂಪಾಯಿ ಬರುತ್ತದೆ. ಓಟಿ ಗಂಟೆಗೆ 192 ಆಗಬೇಕು.

ಕಾಂಟ್ರಾಕ್ಟರ್ ಪಿಎಫ್ ಹಿಡಿದಿದ್ದಾನೆ, ಖಾತೆಗೆ ಹಾಕಿಲ್ಲ. ಏನು ಮಾಡಲಿ?

ನನಗೇ ಹೀಗೆ ಆಗಿತ್ತು. ನಾಲ್ಕು ತಿಂಗಳು ಚೀಟಿಯಲ್ಲಿ ಪಿಎಫ್ ಕಟಾವು ಇದೆ, ಪಾಸ್‌ಬುಕ್ಕಿನಲ್ಲಿ ಒಂದು ರೂಪಾಯಿ ಇಲ್ಲ. ಕೇಳಿದರೆ "ನಿನಗೊಬ್ಬನಿಗೆ ತೊಂದರೆನಾ" ಅಂದರು. ಆಗ ನನಗೆ ದಾರಿ ಗೊತ್ತಿರಲಿಲ್ಲ, ಕೆಲಸ ಹೋಗುತ್ತದೆ ಅಂತ ಭಯ ಬೇರೆ. ಕೊನೆಗೆ ಜೊತೆಗಿದ್ದ ಹನ್ನೊಂದು ಜನ ಸೇರಿ ಬರವಣಿಗೆಯಲ್ಲಿ ದೂರು ಕೊಟ್ಟ ಮೇಲೆ ದುಡ್ಡು ಬಿತ್ತು. ಈ ಅಂಗಡಿ ಹಾಕುವ ಯೋಚನೆ ಬಂದಿದ್ದೇ ಆವಾಗ.

ಮಾಡಬೇಕಾದದ್ದು ಇಷ್ಟು. ನಿಮ್ಮ ಪಿಎಫ್‌ನ ಯುಎಎನ್ ನಂಬರ್ ಇಟ್ಟುಕೊಳ್ಳಿ, ಸರ್ಕಾರದ ಉಮಂಗ್ ಆಪ್‌ನಲ್ಲಿ ತಿಂಗಳಿಗೊಮ್ಮೆ ಪಾಸ್‌ಬುಕ್ ನೋಡಿ. ಎರಡು ತಿಂಗಳು ಬಿದ್ದಿಲ್ಲ ಅಂದರೆ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಪಿಎಫ್ ಇಲಾಖೆಯ ಆನ್‌ಲೈನ್ ದೂರು ವಿಭಾಗದಲ್ಲಿ ದೂರು ಹಾಕಿ. ಕಾಂಟ್ರಾಕ್ಟರ್ ಕಟ್ಟದಿದ್ದರೆ ಮೂಲ ಕಂಪನಿಯೇ ಹೊಣೆ. ಸಂಬಳಕ್ಕೂ ಹಾಗೇ. ಇದು ಗೊತ್ತಿಲ್ಲದೆ ತುಂಬಾ ಜನ ಕಾಂಟ್ರಾಕ್ಟರ್ ಮನೆ ಬಾಗಿಲಿಗೆ ತಿರುಗಿ ಸುಸ್ತಾಗುತ್ತಾರೆ. ಒಬ್ಬರೇ ಹೋಗಬೇಡಿ, ಜೊತೆಗಾರರನ್ನು ಕರೆದುಕೊಂಡು ಹೋಗಿ.

2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅದರಂತೆ ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು, ಬೇಸಿಕ್ ಮತ್ತು ಡಿಎ ಒಟ್ಟು ಸಂಬಳದ ಅರ್ಧಕ್ಕಿಂತ ಕಡಿಮೆ ಇರಬಾರದು, ಮುಂದಿನ ತಿಂಗಳ 7ರೊಳಗೆ ಸಂಬಳ ಆಗಬೇಕು. ನೇಮಕಾತಿ ಪತ್ರ ಒಂದು ಕೈಯಲ್ಲಿದ್ದರೆ ಅರ್ಧ ಜಗಳ ಗೆದ್ದ ಹಾಗೆ.

ಅಪ್ರೆಂಟಿಸ್ ಅಂತ ತಗೊಂಡಿದ್ದಾರೆ. ಪಿಎಫ್ ಯಾಕಿಲ್ಲ?

1961ರ ಅಪ್ರೆಂಟಿಸ್ ಕಾಯ್ದೆಯಡಿ ಸೇರಿದವರಿಗೆ ಸಂಬಳ ಅಲ್ಲ, ಸ್ಟೈಪೆಂಡ್. ಪಿಎಫ್ ಅನ್ವಯ ಆಗುವುದಿಲ್ಲ. ಐಟಿಐ ಮುಗಿಸಿದ ಹುಡುಗರಿಗೆ ಒಂದು ವರ್ಷ ಕಲಿಯಲು ಇದು ಒಳ್ಳೆಯದೇ, ಕೊನೆಗೆ ಸಿಗುವ ಸರ್ಟಿಫಿಕೇಟಿಗೆ ಬೆಲೆ ಇದೆ. ಆದರೆ ಒಂದು ಕಡೆ ಮುಗಿದ ಮೇಲೆ ಇನ್ನೊಂದು ಕಡೆ ಮತ್ತೆ ಟ್ರೈನಿ ಅಂತ, ಆಮೇಲೆ ಮತ್ತೊಂದು ಕಡೆ ಅಂತ ಸುತ್ತುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಮೂರು ವರ್ಷ ಹೋದದ್ದೇ ಗೊತ್ತಾಗುವುದಿಲ್ಲ.

ಕೆಜಿಎಫ್‌ನವರಿಗೆ ಊರಲ್ಲೇ ಕೆಲಸ ಯಾಕಿಲ್ಲ?

ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ನೂರಾ ಇಪ್ಪತ್ತು ವರ್ಷ ಒಂದೇ ಕಸುಬಿನ ಮೇಲೆ ನಿಂತಿದ್ದ ಊರು ಅದು. ಭೂಮಿಯ ಒಳಗೆ ಮೂರು ಕಿಲೋಮೀಟರ್ ಆಳಕ್ಕೆ ಇಳಿದು ದುಡಿದವರ ಮಕ್ಕಳು, ಮೊಮ್ಮಕ್ಕಳು ಇವರು. ಬೆಮೆಲ್ ಕಾರ್ಖಾನೆ ಇದೆ, ಆದರೆ ಊರಿಗೆಲ್ಲ ಕೆಲಸ ಕೊಡುವಷ್ಟು ಅಲ್ಲ. ಹಾಗಾಗಿ ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲೇ ಈಗ ಅವರ ಗಣಿ. ಚಾಂಪಿಯನ್, ಊರ್ಗಾಂ, ಕೋರಮಂಡಲ್ ಎಲ್ಲ ನಿಲ್ದಾಣದಲ್ಲೂ ಜನ ಹತ್ತುತ್ತಾರೆ. ಟಿಫನ್ ಡಬ್ಬಿ ತೊಡೆ ಮೇಲೆ, ಕಣ್ಣು ಮುಚ್ಚಿ ನಿದ್ದೆ. ಹೋಗಿ ಬರಲು ದಿನಕ್ಕೆ ನಾಲ್ಕೈದು ಗಂಟೆ. ಬೆಂಗಳೂರಿನ ಸಂಬಳ ಜಾಸ್ತಿ ಅನ್ನುವವರು ಆ ಗಂಟೆಗಳನ್ನೂ ಸೇರಿಸಿ ಭಾಗಿಸಬೇಕು.

ಸ್ಥಳೀಯರಿಗೆ ಮೀಸಲಾತಿ ಕಾನೂನು ಇದೆಯಲ್ಲ?

ಖಾಸಗಿ ಕಂಪನಿಗಳಿಗೆ ಅಂಥ ಕಾನೂನು ಜಾರಿ ಆಗಿಲ್ಲ. 1980ರ ದಶಕದ ಸರೋಜಿನಿ ಮಹಿಷಿ ವರದಿಯಿಂದಲೂ ಬೇಡಿಕೆ ಇದೆ. 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಂದು ಮಸೂದೆ ಒಪ್ಪಿತು. ಆಡಳಿತ ಹುದ್ದೆಯಲ್ಲಿ ಶೇ 50, ಉಳಿದದ್ದರಲ್ಲಿ ಶೇ 70 ಅಂತ ಇತ್ತು. ಎರಡೇ ದಿನದಲ್ಲಿ ತಡೆಹಿಡಿದರು.

ಇಟ್ಟಿಗೆ ಗೂಡು, ಕಲ್ಲು ಕೆಲಸ ಹೇಗಿದೆ?

ಮಾಲೂರಿನ ಹೆಂಚು, ಇಟ್ಟಿಗೆ ಹೆಸರುವಾಸಿ. ಅಲ್ಲಿ ಈಗ ಹೊರರಾಜ್ಯದವರು ಜಾಸ್ತಿ. ಸಾವಿರ ಇಟ್ಟಿಗೆಗೆ ಇಷ್ಟು ಅಂತ ಲೆಕ್ಕ, ಮೊದಲೇ ಮುಂಗಡ ಕೊಟ್ಟಿರುತ್ತಾರೆ. ಆ ಮುಂಗಡ ತೀರುವವರೆಗೆ ಹೋಗಬಾರದು ಅಂತ ಕಟ್ಟಿಹಾಕಿದರೆ ಅದು ಜೀತ. 1976ರಿಂದ ಅಪರಾಧ. ಕಣ್ಣಿಗೆ ಬಿದ್ದರೆ ತಹಶೀಲ್ದಾರರಿಗೆ ತಿಳಿಸಿ.

ಶಿವಾರಪಟ್ಟಣದ ಶಿಲ್ಪಿಗಳ ಕೈಗೆ ಕೆಲಸ ಇದೆ, ಹೆಸರೂ ಇದೆ. ಕಟ್ಟರ್ ಮಿಷನ್ ಬಂದ ಮೇಲೆ ಧೂಳು ಜಾಸ್ತಿ ಆಗಿದೆ. ಮಾಸ್ಕ್ ಹಾಕದೆ ಕೂರಬೇಡಿ.

ನರೇಗಾ ಕೆಲಸ ಈಗ ಸಿಗುತ್ತಾ?

ಇಲ್ಲಿಯವರೆಗೆ ಇದ್ದ ಪದ್ಧತಿ ಹೀಗೆ. ಉದ್ಯೋಗ ಚೀಟಿ ಇರುವ ಮನೆಗೆ ವರ್ಷಕ್ಕೆ 100 ದಿನ. ನಮೂನೆ 6ರಲ್ಲಿ ಅರ್ಜಿ ಕೊಟ್ಟು ರಸೀದಿ ತಗೋಬೇಕು. 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ. ರಸೀದಿ ಇಲ್ಲದಿದ್ದರೆ ಏನೂ ಇಲ್ಲ, ಯಾಕೆಂದರೆ ಕೆಲಸ ಕೇಳಿದ್ದಕ್ಕೆ ಬೇರೆ ಸಾಕ್ಷಿ ಇರುವುದಿಲ್ಲ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಇದರ ಜಾಗಕ್ಕೆ ವಿಬಿ ಜಿ ರಾಮ್ ಜಿ ಅನ್ನುವ ಹೊಸ ಕಾಯ್ದೆ ಪಾಸು ಮಾಡಿತು. ದಿನಗಳು 125 ಆಗುತ್ತವೆ. ಖರ್ಚಿನಲ್ಲಿ ಶೇ 40 ರಾಜ್ಯ ಹಾಕಬೇಕು. ಬಿತ್ತನೆ, ಕೊಯ್ಲಿನ ಸಮಯದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸಬಹುದು. ನಮ್ಮ ಕಡೆ ಈ 60 ದಿನದ ಬಗ್ಗೆಯೇ ನನಗೆ ಚಿಂತೆ. ಹೊಲದ ಕೆಲಸ ಇದೆಯಲ್ಲ ಅಂತ ಇದನ್ನು ನಿಲ್ಲಿಸುತ್ತಾರೆ. ಆ ವರ್ಷ ಮಳೆ ಬರದೆ ಹೊಲದ ಕೆಲಸವೂ ಇಲ್ಲದಿದ್ದರೆ? ನರೇಗಾ ಇರುವುದರಿಂದಲೇ ತೋಟದ ಮಾಲೀಕರೂ ಹೆಂಗಸರಿಗೆ ತೀರಾ ಕಡಿಮೆ ಕೊಡಲು ಹಿಂಜರಿಯುತ್ತಿದ್ದರು.

ನಮ್ಮ ಜಿಲ್ಲೆಯ ಅಂಕಿಅಂಶ ಎಲ್ಲಿ ಸಿಗುತ್ತದೆ? ನಿರುದ್ಯೋಗ ತುಂಬಾ ಕಡಿಮೆ ಅಂತ ಪೇಪರಿನಲ್ಲಿ ಬರುತ್ತದಲ್ಲ?

ಕೇಂದ್ರ ಸರ್ಕಾರ 2017ರಿಂದ ಕಾರ್ಮಿಕ ಬಲ ಸಮೀಕ್ಷೆ ಮಾಡುತ್ತಿದೆ. ಮೊದಲು ಅದರಲ್ಲಿ ಜಿಲ್ಲೆಯ ಚಿತ್ರ ಸರಿಯಾಗಿ ಸಿಗುತ್ತಿರಲಿಲ್ಲ. 2025ರಿಂದ ಜಿಲ್ಲೆಯನ್ನೇ ಮೂಲ ಘಟಕ ಮಾಡಿದ್ದಾರೆ.

ಆದರೆ ಓದುವಾಗ ಒಂದು ವಿಷಯ ನೆನಪಿಡಿ. ವಾರದ ಲೆಕ್ಕದಲ್ಲಿ, ಕಳೆದ ಏಳು ದಿನದಲ್ಲಿ ಒಂದು ಗಂಟೆ ಕೆಲಸ ಮಾಡಿದವರೂ ಉದ್ಯೋಗ ಇರುವವರು ಅಂತಲೇ ಸೇರುತ್ತಾರೆ. ಮನೆ ಹಸುವಿಗೆ ಸಂಬಳ ಇಲ್ಲದೆ ದುಡಿಯುವ ಹೆಂಗಸೂ ಉದ್ಯೋಗಿಯೇ. ಅದರಲ್ಲಿ ತಪ್ಪಿಲ್ಲ, ದುಡಿಮೆ ದುಡಿಮೆಯೇ. ಆದರೆ ವಾರದಲ್ಲಿ ಎರಡು ದಿನ ಮಾತ್ರ ಕೂಲಿ ಸಿಕ್ಕವನಿಗೆ ಕೆಲಸ ಇದೆ ಅಂತ ಹೇಳಿಬಿಟ್ಟರೆ ಅವನ ಮನೆಯ ಕಷ್ಟ ಅಂಕಿಯಲ್ಲಿ ಕಾಣುವುದೇ ಇಲ್ಲ. ಅದಕ್ಕೇ ನಾನು ಮತ್ತೆ ಮತ್ತೆ ದಿನ ಎಣಿಸಿ ಅನ್ನುವುದು.

ಮಗ ಪಿಯುಸಿ ಮುಗಿಸಿದ್ದಾನೆ. ಕಂಪನಿಗೆ ಕಳಿಸಲಾ, ಓದಿಸಲಾ, ತೋಟ ನೋಡಿಕೊಳ್ಳಲಿ ಅನ್ನಲಾ?

ಮನೆಯ ಕಷ್ಟ ನೋಡದೆ ಯಾರೂ ಉತ್ತರ ಹೇಳಲಾಗದು. ಆದರೂ ಕೇಳಿದ್ದೀರಿ ಅಂತ ನನ್ನ ಅಭಿಪ್ರಾಯ ಹೇಳುತ್ತೇನೆ. ಪಿಯುಸಿ ಆದ ತಕ್ಷಣ ಕಂಪನಿಯ ಪ್ರೊಡಕ್ಷನ್ ಲೈನಿಗೆ ನಿಲ್ಲುವ ಹುಡುಗನ ಸಂಬಳ ಮೊದಲ ವರ್ಷ ಚೆನ್ನಾಗಿ ಕಾಣುತ್ತದೆ. ಐದು ವರ್ಷ ಆದ ಮೇಲೂ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಯಾಕೆಂದರೆ ಹೊಸದಾಗಿ ಬಂದವನೂ ಆ ಕೆಲಸವನ್ನು ಹದಿನೈದು ದಿನದಲ್ಲಿ ಕಲಿಯುತ್ತಾನೆ. ಫಿಟ್ಟರ್, ಎಲೆಕ್ಟ್ರಿಷಿಯನ್, ಸಿಎನ್‌ಸಿ (ಕಂಪ್ಯೂಟರಿನಿಂದ ನಡೆಯುವ ಮಿಷನ್), ಡಿಪ್ಲೊಮಾ ಮಾಡಿದವನು ಮಿಷನ್ ನಿಂತಾಗ ಬೇಕಾಗುವವನು. ಅವನನ್ನು ಬಿಡಲು ಕಂಪನಿ ಹಿಂದೆಮುಂದೆ ನೋಡುತ್ತದೆ. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಹೊಸ ಮಿಷನ್ ಹಾಕಿ ಮೇಲ್ದರ್ಜೆಗೆ ಏರಿಸಿದ್ದಾರೆ. ಫೀಸು ಕಡಿಮೆ. ಎರಡು ವರ್ಷ ತಡೆದುಕೊಳ್ಳುವ ಶಕ್ತಿ ಮನೆಗೆ ಇದ್ದರೆ ಕಳಿಸಿ.

ತಡೆದುಕೊಳ್ಳಲು ಆಗದಿದ್ದರೆ ಕಂಪನಿಗೇ ಹೋಗಲಿ, ಅದರಲ್ಲಿ ಕಡಿಮೆ ಏನಿಲ್ಲ. ಸೇರುವ ದಿನ ನೇಮಕಾತಿ ಪತ್ರ, ಯುಎಎನ್ ನಂಬರ್, ಇಎಸ್‌ಐ ನಂಬರ್ ಮೂರನ್ನೂ ಕೇಳಿ ತಗೊಳ್ಳಲಿ. ಮೊದಲ ಸಂಬಳದ ಚೀಟಿ ಬಂದಾಗ ತಗೊಂಡು ಬನ್ನಿ, ಕೂತು ಲೆಕ್ಕ ನೋಡೋಣ. ಅದಕ್ಕೆ ದುಡ್ಡು ತಗೊಳ್ಳುವುದಿಲ್ಲ. ಭಾನುವಾರ ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ ಅಂಗಡಿ ತೆಗೆದಿರುತ್ತೇನೆ.